ಫೋನಿಗೆ ಕೇಳಿಸದ ಕೊಂಬು

ಆ ದಿನ ಮಧ್ಯಾಹ್ನ ಊಟವಾದ ಮೇಲೆ ನಾನೂ ರುಕ್ಮಿಣಿಯೂ ಹಜಾರದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆವು. ಹಿಂದಿನ ದಿನ ನೆನೆಹಾಕಿದ ಕಾಳು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಹಾರಿ ಪಾತ್ರೆಗೆ ಬೀಳಬೇಕು. ಅವಳು ಒತ್ತಿದ ಕಾಳು ಪಾತ್ರೆಗೆ ಬೀಳುತ್ತಿತ್ತು, ನಾನು ಒತ್ತಿದ್ದು ಎಲ್ಲೆಲ್ಲೋ ಹೋಗುತ್ತಿತ್ತು. ಅವಳ ಮನಸ್ಸು ಕಾಳಿನ ಮೇಲಿರಲಿಲ್ಲ. ಕೋಲಾರದಲ್ಲಿ ಹೊಸದಾಗಿ ನೇಮಕವಾದ ಶಿಕ್ಷಕರಿಗೆ ತರಬೇತಿ ನಡೆಯುತ್ತಿತ್ತು. ಹಳ್ಳಿ ಶಾಲೆಗೆ ಟಿ.ವಿ., ಫೋನು ತಂದು ಮಕ್ಕಳಿಗೆ ಹೇಗೆ ಪಾಠ ಮಾಡಿದಿರಿ, ಬಂದು ಹೇಳಿ ಎಂದು ಅವಳನ್ನು ಕರೆದಿದ್ದರು.

"ರೀ, ಕೇಳ್ತಿದೀರಾ? 'ಆತ್ಮೀಯ ಶಿಕ್ಷಕ ಬಂಧುಗಳೇ' ಅಂತ ಶುರು ಮಾಡ್ಲಾ?"

"ಎಲೆಕ್ಷನ್ ಭಾಷಣ ಆಯ್ತದೆ."

"ಹಂಗಾದ್ರೆ ನೀವೇ ಹೇಳಿ."

"ಟಿ.ವಿ. ಕತೆಯಿಂದ ಶುರು ಮಾಡು."

"ಅದು ಆಮೇಲೆ. ಮೊದಲು ನಿಮ್ಮ ಮಾಲೂರಿನ ನಿಂಬೆಹಣ್ಣಿನ ಕತೆ ಹೇಳಿ ನಗಿಸ್ತೀನಿ. ನಕ್ಕೋರು ಕೇಳ್ತಾರೆ."

ನಾನು ಒತ್ತಿದ ಕಾಳೊಂದು ಹಾರಿ ಅವಳ ಕನ್ನಡಕಕ್ಕೆ ಬಡಿಯಿತು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಇಷ್ಟು ವರ್ಷ ಮೇಷ್ಟ್ರಾಗಿ ಒಂದು ಕಾಳನ್ನ ದಾರಿಗೆ ತರೋಕಾಗಲ್ಲ ನಿಮಗೆ" ಎಂದು ನಕ್ಕಳು. ಆಮೇಲೆ, "ಮಿಕ್ಕಿದ್ದು ನಾಳೆ ಹೇಳ್ತೀನಿ, ತೂಕಡಿಸ್ದೆ ಕೇಳ್ಬೇಕು" ಎಂದಳು.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳ ಬಲಗೈಯಿಂದ ಕಾಫಿ ಲೋಟ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವಳಿಗೆ ಕೈ ಬರಲಿಲ್ಲ. ಮಾತೂ ತೊದಲಿತು. ಮುಳಬಾಗಿಲಿನಿಂದ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆಲವು ದಿನ ಇದ್ದಳು. ಮನೆಗೆ ಬರಲಿಲ್ಲ.

ಹೀಗಾಗಿ ಆ ಭಾಷಣ ನಡೆಯಲೇ ಇಲ್ಲ. ಅವಳು ಹೇಳಬೇಕೆಂದಿದ್ದುದನ್ನು ನಾನು ಬರೆಯುತ್ತಿದ್ದೇನೆ. ನನಗೆ ಬರವಣಿಗೆಯ ಅಭ್ಯಾಸವಿಲ್ಲ. ಟಿ.ಸಿ.ಎಚ್. ಮುಗಿಸಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು, ಪಾಠಯೋಜನೆ ಬಿಟ್ಟು ಬೇರೇನೂ ಬರೆದವನಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರು ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ಇನ್ನೊಂದು ಮಾತು. ಕೊನೆಯ ಕೆಲವು ವರ್ಷ ನಾನು ಸಹಶಿಕ್ಷಕನಾಗಿದ್ದ ಶಾಲೆಗೆ ನನ್ನ ಹೆಂಡತಿಯೇ ಮುಖ್ಯ ಶಿಕ್ಷಕಿ. ಮನೆಯಲ್ಲಿ ಅವಳು ರುಕ್ಮಿಣಿ, ಶಾಲೆಯಲ್ಲಿ ಅವರು ಮೇಡಂ. ಶಾಲೆಯ ಮಾತು ಬಂದರೆ ನನಗೆ ಬಹುವಚನ ತಾನಾಗಿಯೇ ಬರುತ್ತದೆ. ಓದುವವರು ಇಬ್ಬರೆಂದು ತಿಳಿಯಬಾರದು.

ನನ್ನ ಮೊದಲ ಕೆಲಸ ಶ್ರೀನಿವಾಸಪುರದ ಕಡೆ, ಮಾವಿನ ತೋಪಿನ ಪಕ್ಕದ ಒಂದು ಶಾಲೆಯಲ್ಲಿ. ಅಲ್ಲಿನ ಹೆಡ್ ಮೇಷ್ಟ್ರು ನಾರಾಯಣಪ್ಪನವರು. ಆ ಶಾಲೆಗೆ ಯಾವ ಕಾಲದಲ್ಲೋ ಒಂದು ರೇಡಿಯೋ ಕೊಟ್ಟಿದ್ದರು. ಕೆಟ್ಟರೆ ಯಾರು ಉತ್ತರ ಹೇಳಬೇಕೆಂದು ಹಿಂದಿನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಾರಾಯಣಪ್ಪನವರು ಬಂದ ದಿನವೇ ಬೀಗ ತೆಗೆಸಿದರು. ಪಾಠ ಬರುವ ಹೊತ್ತಿಗೆ ರೇಡಿಯೋವನ್ನು ತಮ್ಮ ಕುರ್ಚಿಯ ಮೇಲಿಟ್ಟು, ತಾವು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದರು. "ಇವತ್ತು ಅವರು ಮೇಷ್ಟ್ರು, ನಾನು ನಿಮ್ಮ ಕ್ಲಾಸು" ಎನ್ನುತ್ತಿದ್ದರು. ಪಂಚೆ ಉಟ್ಟ ಹೆಡ್ ಮೇಷ್ಟ್ರು ಚಕ್ಕಳಮಕ್ಕಳ ಹಾಕಿ ಕೂತು ರೇಡಿಯೋ ಹೇಳಿದ ಹಾಗೆ ಚಪ್ಪಾಳೆ ತಟ್ಟುವುದನ್ನು ನೋಡಿ ನಾನು ಮೊದಮೊದಲು ನಾಚಿಕೊಂಡೆ. ಆಮೇಲೆ ನಾನೂ ಕೂತೆ.

ರೇಡಿಯೋದಲ್ಲಿ ಪ್ರಶ್ನೆ ಕೇಳಿ, ಸ್ವಲ್ಪ ಬಿಟ್ಟು, "ಶಭಾಷ್ ಮಕ್ಕಳೇ, ಸರಿಯಾಗಿ ಹೇಳಿದಿರಿ" ಎನ್ನುತ್ತಿದ್ದರು. ಒಂದು ದಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ನಾನು ಬೇಕಂತ್ಲೇ ತಪ್ಪು ಹೇಳ್ದೆ. ಆದ್ರೂ ಶಭಾಷ್ ಅಂತು!"

ನಾರಾಯಣಪ್ಪನವರು ಗಂಭೀರವಾಗಿ, "ಪಾಪ, ಅದಕ್ಕೆ ಬಾಯಿ ಮಾತ್ರ ಕೊಟ್ಟವ್ರೆ ಕಣೋ, ಕಿವಿ ಕೊಟ್ಟಿಲ್ಲ. ಅದಕ್ಕೇ ನಾನು ಇಲ್ಲಿ ಕೂತಿರೋದು" ಎಂದರು.

ಈ ಮಾತನ್ನು ನಾನು ರುಕ್ಮಿಣಿಗೆ ಹೇಳಿದ್ದೆ. ಅವಳು ಮರೆಯಲಿಲ್ಲ.

ಮಾಲೂರಿನ ಕಡೆಯ ಶಾಲೆಗೆ ಹೋದಾಗ ಕಂಪ್ಯೂಟರುಗಳ ಕಾಲ. ಹೆಡ್ ಮೇಷ್ಟ್ರು ಶ್ರೀರಾಮಯ್ಯನವರು ಅವುಗಳಿಗೆ ಒಂದು ಕೋಣೆ ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಹೊಸ ಬೆಡ್‌ಶೀಟು ಹೊದಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮಕ್ಕಳು ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದರು. ಮುಟ್ಟುವಂತಿರಲಿಲ್ಲ. ಆಯುಧಪೂಜೆ ಬಂತು. ಕುಂಕುಮ, ಚೆಂಡುಹೂವು, ಬೂದುಗುಂಬಳ ಎಲ್ಲ ಆಯಿತು. ವಾಹನಗಳಾದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮುಂದಕ್ಕೆ ಚಲಾಯಿಸುತ್ತೇವೆ, ಕಂಪ್ಯೂಟರಿಗೆ ಚಕ್ರ ಎಲ್ಲಿದೆ ಎಂಬ ಪ್ರಶ್ನೆ ಎದ್ದಿತು. ಯಾರೋ ಮೌಸಿನ ನಡುವೆ ಪುಟ್ಟದೊಂದು ಚಕ್ರ ಇರುವುದನ್ನು ತೋರಿಸಿದರು. ಸರಿ, ಮೌಸಿನ ಕೆಳಗೆ ನಿಂಬೆಹಣ್ಣಿಟ್ಟು, "ಗೋವಿಂದಾ" ಎಂದು ಶ್ರೀರಾಮಯ್ಯನವರೇ ಅದನ್ನು ಹಣ್ಣಿನ ಮೇಲೆ ಹತ್ತಿಸಿದರು. ರಸವೆಲ್ಲ ಒಳಗೆ ಹೋಯಿತು. ಕೀಬೋರ್ಡಿನ ಸಂದಿಗಳಲ್ಲಿ ಕುಂಕುಮ ಕೂತು ಗುಂಡಿಗಳು ಮೇಲೇಳಲಿಲ್ಲ. ರಿಪೇರಿಗೆ ಬಂದ ಹುಡುಗ ಅದನ್ನು ತಲೆಕೆಳಗು ಮಾಡಿ ಕೊಡವಿ, "ಸಾರ್, ಇದನ್ನ ರಿಪೇರಿ ಮಾಡ್ಲಾ, ಮಂಗಳಾರತಿ ಎತ್ಲಾ?" ಎಂದ.

ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ಆದರೆ ಮುಂದಿನದನ್ನೂ ಹೇಳಬೇಕು ಎಂದು ರುಕ್ಮಿಣಿ ಒತ್ತಿ ಹೇಳುತ್ತಿದ್ದಳು. ಶ್ರೀರಾಮಯ್ಯನವರು ಮರುದಿನ ಬೆಡ್‌ಶೀಟುಗಳನ್ನು ತಾವೇ ಮಡಿಸಿ ಮನೆಗೆ ಕಳಿಸಿಬಿಟ್ಟರು. ಮಕ್ಕಳನ್ನು ಒಳಗೆ ಕರೆದು, "ನಾನು ಪೂಜೆ ಮಾಡಿ ಕೆಡಿಸಿದೆ. ಇನ್ನು ಮೇಲೆ ಕೆಟ್ಟರೆ ನಿಮ್ಮ ಕೈಯಲ್ಲೇ ಕೆಡಲಿ. ಕೂತ್ಕೊಳ್ಳಿ" ಎಂದರು. ಅಷ್ಟು ಮಕ್ಕಳ ಮುಂದೆ ಹಾಗೆ ಹೇಳಿದ ಹೆಡ್ ಮೇಷ್ಟ್ರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಲ್ಲಿಂದ ಪತಿ-ಪತ್ನಿ ಪ್ರಕರಣದ ವರ್ಗಾವಣೆಯಲ್ಲಿ ನನ್ನನ್ನು ಹಾಕಿದ್ದು ತಾಯಲೂರಿನಿಂದ ಆಚೆಗಿರುವ, ಆಂಧ್ರದ ಗಡಿಗೆ ಹತ್ತಿರದ ಒಂದು ಊರಿನ ಶಾಲೆಗೆ. ರುಕ್ಮಿಣಿ ಆಗಲೇ ಅಲ್ಲಿ ಮುಖ್ಯ ಶಿಕ್ಷಕಿ. ಮೊದಲ ದಿನ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದೆವು. ನಾನು ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಅಲ್ಲಿದ್ದವರ ಜೊತೆ ನಾಲ್ಕು ಮಾತಾಡಿ ಒಳಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು.

"ಮುನಿರಾಜು ಸಾರ್, ತಡ ಆಯ್ತು ನೀವು."

"ಒಂದೇ ಗಾಡೀಲಿ ಬಂದ್ವಲ್ಲ ಮೇಡಂ!"

"ನಾನು ಇಳಿದು ಸ್ಕೂಲಿಗೆ ಬಂದೆ. ನೀವು ಇಳಿದು ಊರಿಗೆ ಹೋದ್ರಿ."

ಮಕ್ಕಳ ಮುಂದೆಯೇ ಆಯಿತು. ಆಮೇಲೆ ನಾನೆಂದೂ ತಡ ಮಾಡಲಿಲ್ಲ.

ಆ ಊರಿನ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಹೊರಗೆ ಕುಂಟೆಬಿಲ್ಲೆ ಆಡುವಾಗ ಊರೆಲ್ಲ ಕೇಳುವಂತೆ ಕೂಗುವ ಮಕ್ಕಳು ತರಗತಿಯೊಳಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಅದರ ಕಾರಣ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅವರ ತವರೂ ಆ ಸೀಮೆಯದೇ. ಚಿಕ್ಕವರಿದ್ದಾಗ ಮುಳಬಾಗಿಲಿನ ಶಾಲೆಗೆ ಸೇರಿಸಿದ್ದರಂತೆ. ಹಸು ಏನು ಕೊಡುತ್ತದೆ ಎಂದು ಟೀಚರು ಕೇಳಿದರಂತೆ. ಇವರು "ಪಾಲು" ಎಂದರಂತೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಟೀಚರು, "ಪಾಲು ಕೊಡ್ತದಾ? ಯಾರ್ಯಾರಿಗೆ ಎಷ್ಟೆಷ್ಟು ಪಾಲು?" ಎಂದು ಕೇಳಿ ನಕ್ಕರಂತೆ. ಆ ವರ್ಷ ಪೂರ್ತಿ ರುಕ್ಮಿಣಿ ಎಂಬ ಹುಡುಗಿ ತರಗತಿಯಲ್ಲಿ ಮಾತಾಡಲಿಲ್ಲ.

ನಮ್ಮದು ಕ್ಯಾಲನೂರಿನ ಕಡೆ, ಮನೆಯಲ್ಲಿ ಕನ್ನಡ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಅಕ್ಕ ಅವಳ ಮಾತಿನ ಧಾಟಿಯನ್ನು ಅಣಕಿಸಿ ಆಡಿ ತೋರಿಸಿದ್ದಳು, ತಮಾಷೆಗೆ. ರುಕ್ಮಿಣಿಯೂ ನಕ್ಕಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಬಾಯಿಂದ ತೆಲುಗು ಬರಲಿಲ್ಲ. ತಂಗಿಯ ಜೊತೆ ಫೋನಿನಲ್ಲಿ ಮಾತ್ರ, ಅದೂ ಹಿತ್ತಿಲಿಗೆ ಹೋಗಿ. ನನಗೆ ತೆಲುಗು ಅರ್ಥವಾಗುತ್ತದೆ. ಆದರೂ ನನ್ನೊಡನೆ ಆಡಲಿಲ್ಲ.

ಟಮೋಟೊ ಮಂಡಿ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ದೊಡ್ಡ ಟಿ.ವಿ. ಕೊಟ್ಟ. ಗೋಡೆಗೆ ಹಾಕಿದ ದಿನ ಕಿಟಕಿಯಲ್ಲಿ ಊರಿನ ಅರ್ಧ ಜನ ಇದ್ದರು. ಒಬ್ಬ ಅಜ್ಜ, "ಪಿಚ್ಚರ್ ಎಷ್ಟೊತ್ತಿಗೆ?" ಎಂದು ಕೇಳಿದ. ಪಾಠಗಳ ವಿಡಿಯೋ ಹಾಕಿದೆವು. ಬಣ್ಣ ಬಣ್ಣದ ಚಿತ್ರ, ಒಳ್ಳೆಯ ಕನ್ನಡ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ನನಗೆ ಬಹಳ ಸಂತೋಷವಾಯಿತು. ಮೇಡಂ ಹಿಂದೆ ನಿಂತು ಟಿ.ವಿ. ನೋಡದೆ ಮಕ್ಕಳನ್ನೇ ನೋಡುತ್ತಿದ್ದರು.

ಸಂಜೆ ಸ್ಕೂಟರಿನ ಹಿಂದಿನ ಸೀಟಿನಿಂದ ಹೇಳಿದರು: "ರೀ, ನಿಮ್ಮ ನಾರಾಯಣಪ್ಪ ಮೇಷ್ಟ್ರ ರೇಡಿಯೋ ಇದು. ಬಾಯಿ ಮಾತ್ರ ಐತೆ. ಮಾತಾಡದೆ ಇರೋ ಮಕ್ಕಳ ಮುಂದೆ ಇನ್ನೊಂದು ಮಾತಾಡೋ ವಸ್ತು ತಂದಿಟ್ವಿ. ಕೇಳಿಸ್ಕೊಳ್ಳೋದು ಬೇಕಲ್ವಾ?"

ಕೇಳಿಸಿಕೊಳ್ಳುವುದು ಸಿಕ್ಕಿದ್ದು ಅವರ ಫೋನಿನಲ್ಲೇ. ತಂಗಿಗೆ ಸಂದೇಶ ಕಳಿಸುವಾಗ ಅಕ್ಷರಗಳ ಪಕ್ಕದಲ್ಲಿ ಪುಟ್ಟ ಮೈಕಿನ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿ ಮಾತಾಡಿದರೆ ಮಾತು ಬರಹವಾಗುತ್ತದೆ. ನಿಮಗೆಲ್ಲ ಇದು ಹುಟ್ಟಿನಿಂದ ಗೊತ್ತಿರಬಹುದು. ನಮಗೆ ಅದು ದೊಡ್ಡ ಸಂಗತಿ. ಫೋನಿನಲ್ಲಿ ಮೂಡಿದ್ದು ಟಿ.ವಿ.ಯಲ್ಲಿ ದೊಡ್ಡದಾಗಿ ಕಾಣುವಂತೆ ಮಾಡುವುದನ್ನು ಮೇಡಂ ಆ ಮಂಡಿಯ ಹುಡುಗನಿಂದಲೇ ಕಲಿತರು.

ಮೊದಲ ದಿನ ಮಕ್ಕಳನ್ನು ಕರೆಯಲಿಲ್ಲ. ತಾವೇ ಫೋನು ಹಿಡಿದು, "ಹಸು ಹಾಲು ಕೊಡುತ್ತದೆ" ಎಂದರು. ಅವರ ಬಾಯಲ್ಲಿ ಹಕಾರ ಕಷ್ಟ. ಟಿ.ವಿ.ಯಲ್ಲಿ ದೊಡ್ಡದಾಗಿ ಬಂತು: 'ಅಸು ಆಲೂ ಕೊಡುತ್ತದೆ.'

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಗಬಹುದೋ ಬಾರದೋ ಗೊತ್ತಿಲ್ಲ. ಮೇಡಂ ತಿರುಗಿ ನೋಡಿ, "ಅಯ್ಯೋ, ಹಸು ಆಲೂಗೆಡ್ಡೆ ಹಾಕ್ಬಿಡ್ತಲ್ರೋ!" ಎಂದರು. ಆಗ ಎದ್ದ ನಗು ಹೆಂಚು ಹಾರುವ ಹಾಗಿತ್ತು. "ಹೆಡ್ ಮೇಡಂ ಫೇಲು. ಇನ್ಯಾರು ಬರ್ತೀರಾ?" ಎಂದರು. ಮಕ್ಕಳು ನಾ ಮುಂದು ತಾ ಮುಂದು ಎಂದು ಬಂದರು. ನಾನೂ ಒಂದು ಕೈ ನೋಡೋಣವೆಂದು ಮಾತಾಡಿದೆ. ಎಲ್ಲ ಸರಿಯಾಗಿ ಬಂತು. ಮೇಡಂ ನನ್ನನ್ನು ದುರುಗುಟ್ಟಿ ನೋಡಿ, "ನೀವು ಸುಮ್ನೆ ಕೂತ್ಕೊಳ್ಳಿ ಸಾರ್, ಆಟ ಕೆಡಿಸ್ಬೇಡಿ" ಎಂದರು.

ನಾಗವೇಣಿ ಎಂಬ ಹುಡುಗಿ ನಾಲ್ಕನೆಯ ತರಗತಿಯಲ್ಲಿದ್ದಳು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರ ಮನೆಯ ಮಗು. ಅವಳ ದನಿ ಹೇಗಿದೆ ಎಂದು ನಮಗೆ ಗೊತ್ತಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೆ. ಒಂದು ದಿನ ಮೇಡಂ ಅವಳ ಪಕ್ಕ ಕೂತು, ಫೋನನ್ನು ಇಬ್ಬರ ನಡುವೆ ಇಟ್ಟು, ಅವಳ ಹಾಳೆಯ ಮೇಲಿದ್ದ ಮನೆಯ ಚಿತ್ರ ತೋರಿಸಿ, "ಇದೇನೇ?" ಎಂದರು. ನಾಗವೇಣಿ ತುಂಬ ಹೊತ್ತು ನೋಡಿ, ಮೇಡಂಗಲ್ಲ, ಫೋನಿಗೆ ಹೇಳಿದಳು:

"ಇಲ್ಲು."

ತೆಲುಗಿನಲ್ಲಿ ಇಲ್ಲು ಎಂದರೆ ಮನೆ. ಟಿ.ವಿ.ಯಲ್ಲಿ ಮೂಡಿದ್ದು 'ಇಲ್ಲ'.

ಹುಡುಗನೊಬ್ಬ ಕಿಸಕ್ಕನೆ ನಕ್ಕ. ನಾಗವೇಣಿಯ ತಲೆ ಕೆಳಗಾಯಿತು. ಮೇಡಂ ಎದ್ದು ಹೋಗಿ ಟಿ.ವಿ.ಯ ಕೆಳಗಿನ ಕಪ್ಪುಹಲಗೆಯ ಮೇಲೆ ಇಲ್ಲ ಎಂದು ಬರೆದರು.

"ನಾಗವೇಣಿ ಸರಿಯಾಗೇ ಹೇಳಿದ್ಲು. ಫೋನಿಗೆ ಅರ್ಧ ಕೇಳಿಸ್ತು. ಎಲ್ಲ ಕೇಳಿಸ್ಕೊಂಡು ಕೊನೇಲಿ ಒಂದನ್ನ ಬೀಳಿಸ್ಕೊಂಡದೆ. ಏನು ಬಿದ್ದೋಯ್ತು?"

ಹಾಗೆ ಕೇಳುತ್ತಲೇ ಚಾಕ್‌ಪೀಸನ್ನು ನಾಗವೇಣಿಯ ಕೈಗೆ ಕೊಟ್ಟರು. ಅವಳು ನಿಧಾನವಾಗಿ ಹೋಗಿ ಕೊನೆಯ ಅಕ್ಷರಕ್ಕೆ ಕೊಂಬು ಹಾಕಿದಳು. ಇಲ್ಲು ಆಯಿತು.

"ನೋಡಿದ್ರಾ? ಒಂದು ಕೊಂಬು ಕೊಟ್ಟಿದ್ದಕ್ಕೆ, ಇಲ್ಲ ಅನ್ನೋದು ಮನೆ ಆಗೋಯ್ತು" ಎಂದರು ಮೇಡಂ.

ಆ ದಿನದಿಂದ ಅದು ನಮ್ಮ ಶಾಲೆಯ ಪಾಠಕ್ರಮವೇ ಆಯಿತು. ಮಕ್ಕಳು ಅದಕ್ಕೆ 'ಕೊಂಬು ಹುಡುಕೋ ಆಟ' ಎಂದು ಹೆಸರಿಟ್ಟರು. ಮಗು ಮಾತಾಡಬೇಕು, ಫೋನು ಬರೆಯಬೇಕು, ಫೋನು ಏನನ್ನು ಬೀಳಿಸಿತು, ಏನನ್ನು ಸೇರಿಸಿತು ಎಂದು ತರಗತಿ ಹುಡುಕಬೇಕು. ಕಪ್ಪುಹಲಗೆಯ ಒಂದು ಕಡೆ ಮನೆಯ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು. ಇಲ್ಲು, ಮನೆ. ಪಾಲು, ಹಾಲು. ಎರಡರಲ್ಲಿ ಯಾವುದೂ ತಪ್ಪಲ್ಲ. ಮಕ್ಕಳ ತಪ್ಪನ್ನು ನಾವು ಹುಡುಕುವ ಶಾಲೆಯಲ್ಲಿ, ಯಂತ್ರದ ತಪ್ಪನ್ನು ಮಕ್ಕಳು ಹುಡುಕಲು ಶುರುಮಾಡಿದರು. ದೀರ್ಘ, ಒತ್ತು, ಗುಡಿಸು ಎಂದು ನಾನು ವರ್ಷಗಟ್ಟಲೆ ಬಡಿದುಕೊಂಡರೂ ಬಾರದ ಕಾಗುಣಿತ ಹೀಗೆ ಬಂತು. ಕರೆಂಟು ಹೋದ ದಿನ ಒಬ್ಬ ಹುಡುಗ ಫೋನಾಗಿ ನಿಂತು ಬೇಕೆಂದೇ ತಪ್ಪು ಬರೆಯುತ್ತಿದ್ದ. ಆಟ ನಿಲ್ಲುತ್ತಿರಲಿಲ್ಲ.

ಎಡವಟ್ಟುಗಳೂ ಆದವು. ಒಂದು ದಿನ ಪಾಠದ ನಡುವೆ ಮೇಡಂನ ತಂಗಿ ಕನ್ನಡದಲ್ಲಿ ಬರೆದಿದ್ದ ಸಂದೇಶ ಟಿ.ವಿ.ಯ ಮೇಲೆ ಬಂದು ಕೂತಿತು. ನಾನು ಓಡಿ ಹೋಗಿ ಆರಿಸುವಷ್ಟರಲ್ಲಿ ಐದನೆಯ ತರಗತಿಯವರು ಒಕ್ಕೊರಲಿನಿಂದ, ಒಂದಕ್ಷರ ಬಿಡದೆ ಓದಿದರು: "ಅಕ್ಕಾ, ಬಾವ ನೆನ್ನೆ ಹೋಳಿಗೆ ಮೇಲೆ ಹೋಳಿಗೆ ಹಾಕಿಸ್ಕೊಂಡ್ರು, ಶುಗರ್ ಚೆಕ್ ಮಾಡ್ಸು."

ಹಿಂದಿನ ಬೆಂಚಿನಿಂದ, "ಮೇಡಂ, ಬಾವ ಅಂದ್ರೆ ಸಾರಾ?" ಎಂದು ಬಂತು.

ಮೇಡಂ ನನ್ನನ್ನು ನೋಡಲಿಲ್ಲ. "ಓದಿದ್ದು ಚೆನ್ನಾಗಿತ್ತು. ಒತ್ತಕ್ಷರ ಎಲ್ಲಾ ಸರಿಯಾಗಿ ಬಂತು" ಎಂದಷ್ಟೇ ಹೇಳಿದರು. ಪಾಠಕ್ಕೆ ಮೊದಲು ಫೋನಿನ ಸಂದೇಶಗಳನ್ನು ನಿಲ್ಲಿಸಿಕೊಳ್ಳಿ. ನನ್ನ ಅನುಭವದಿಂದ ಹೇಳುವ ಬುದ್ಧಿಮಾತು ಇದೊಂದೇ.

ಮನೆಯಲ್ಲಿರುವವರ ಮಾತೂ ಶಾಲೆಗೆ ಬರಬೇಕೆಂದು ಮೇಡಂಗೆ ಆಸೆ. ರೇಷ್ಮೆ ಸಾಕುವುದು ಹೇಗೆ, ರಾಗಿ ಬಿತ್ತುವುದು ಹೇಗೆ, ಮನೆಯ ಫೋನಿನಲ್ಲಿ ಹೇಳಿಸಿ ಕಳಿಸಿ ಎಂದರೆ ಹೆಚ್ಚಿನ ಮಕ್ಕಳಿಗೆ ಅದು ಆಗಲಿಲ್ಲ. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಮಾರ್ಕೆಟ್ಟಿಗೆ ಹೋಗುತ್ತದೆ. ಮೇಡಂ ಇನ್ನೊಮ್ಮೆ ಕೇಳಲಿಲ್ಲ. ತಮ್ಮ ಫೋನನ್ನೇ ನನ್ನ ಕೈಗೆ ಕೊಟ್ಟು, "ಮಕ್ಕಳ ಹತ್ರ ಫೋನಿಲ್ಲ ಅಂದ್ರೆ ಫೋನೇ ಮಕ್ಕಳ ಹತ್ರ ಹೋಗ್ಲಿ. ನಿಮಗೂ ಊರೋರ ಜೊತೆ ಮಾತಾಡೋ ಆಸೆ ತೀರ್ತದೆ" ಎಂದರು. ಮೊದಲ ದಿನದ ಬಾಕಿಯನ್ನು ಹಾಗೆ ತೀರಿಸಿದರು.

ನಾಗವೇಣಿಯ ಅಜ್ಜಿ ಫೋನನ್ನು ಕಿವಿಗಿಟ್ಟುಕೊಂಡು, "ಎವುರು ಮಾಟ್ಲಾಡೇದಿ?" ಎಂದು ಕೇಳಿದರು. ಯಾರು ಮಾತಾಡುತ್ತಿರುವುದು ಎಂದು. ಆ ಕಡೆ ಯಾರೂ ಇಲ್ಲವಮ್ಮ, ನೀವೇ ಮಾತಾಡಬೇಕು ಎಂದೆ. ಯಾರೂ ಇಲ್ಲದವರ ಜೊತೆ ಏನು ಮಾತಾಡಲಿ ಎಂದು ಫೋನು ಹಿಂದಕ್ಕೆ ಕೊಟ್ಟರು. ಕೊನೆಗೆ ಮೊಮ್ಮಗಳು ಎದುರಿಗೆ ಕೂತಾಗ ಶುರುಮಾಡಿ ಸೊಪ್ಪು ಹೆಚ್ಚುವುದರಿಂದ ಗೂಡು ಬಿಡಿಸುವವರೆಗೆ ಹೇಳಿದರು. ಹುಳುಗಳು ಸೊಪ್ಪು ತಿನ್ನುವ ಸದ್ದನ್ನೂ ನಾಗವೇಣಿ ಹಿಡಿದುಕೊಂಡಳು. ಮಾರನೆಯ ದಿನ ತರಗತಿಯ ಬಾಗಿಲು ಮುಚ್ಚಿ ಅದನ್ನು ಕೇಳಿಸಿದೆವು. ಒಣಗಿದ ಎಲೆಗಳ ಮೇಲೆ ಮಳೆ ಬಿದ್ದಂತಿತ್ತು. ರೇಷ್ಮೆ ಇಲ್ಲದ ಮನೆಯ ಮಕ್ಕಳು ಮಳೆ ಎಂದರು. ನಾಗವೇಣಿ ಎದ್ದು ನಿಂತು, ಯಾರೂ ಕೇಳದೆ, "ಮಳೆ ಅಲ್ಲ, ನಮ್ ಹುಳ ಊಟ ಮಾಡ್ತಾವೆ" ಎಂದಳು. ಫೋನು ಇಲ್ಲದೆ ಅವಳು ತರಗತಿಗೆ ಆಡಿದ ಮೊದಲ ಮಾತು ಅದು. ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು.

ಒಮ್ಮೆ ಇಲಾಖೆಯಿಂದ ಅಧಿಕಾರಿಯೊಬ್ಬರು ಬಂದರು. ಧಾರವಾಡದ ಕಡೆಯವರು. ಹೇಳದೆ ಬಂದಿದ್ದರು. ಟಿ.ವಿ. ತುಂಬ ತಪ್ಪು ಕನ್ನಡ, ಕಪ್ಪುಹಲಗೆಯ ಮೇಲೆ ತೆಲುಗು ಮಾತುಗಳು.

"ಏನ್ರೀ ಮೇಡಂ, ಕನ್ನಡ ಸಾಲ್ಯಾಗ ಇದೇನು ನಡಸೀರಿ?" ಎಂದರು.

ಇದು ನಿಂತುಹೋಗುತ್ತದೆ ಎಂದು ನನಗೆ ಭಯವಾಯಿತು. ಇದು ನಿಂತರೆ ಈ ಮಕ್ಕಳ ಬಾಯಿ ಮತ್ತೆ ಮುಚ್ಚುತ್ತದೆ. ಮೇಡಂ ಮುಖದಲ್ಲೂ ಅದೇ ಕಂಡಿತು. ಅಧಿಕಾರಿಗಳು ನಾಗವೇಣಿಗೆ ಪುಸ್ತಕ ಕೊಟ್ಟು, "ಓದವಾ" ಎಂದರು. ಅವಳು ಹಾಳೆ ತಿರುವುತ್ತಾ, "ತೊಂದರೆ ಪಡ್ಬೇಡಿ ಸಾರ್, ಓದ್ತೀನಿ" ಎಂದಳು.

"ನನಗೇನು ತೊಂದರಿ ಇಲ್ಲವಾ, ಓದು."

"ತೊಂದರೆ ಪಡ್ಬೇಡಿ ಅಂದ್ನಲ್ಲ ಸಾರ್!"

ಮೇಡಂ ಮುಂದೆ ಬಂದು, ತೆಲುಗಿನಲ್ಲಿ ತೊಂದರ ಎಂದರೆ ಅವಸರ, ಅವಳು ಅವಸರ ಮಾಡಬೇಡಿ ಎನ್ನುತ್ತಿದ್ದಾಳೆ ಎಂದರು. ಕೊಂಬು ಹುಡುಕುವ ಆಟವನ್ನೂ ವಿವರಿಸಿ, ಫೋನನ್ನು ಅವರ ಮುಂದೆ ಹಿಡಿದರು. "ನೀವೂ ಒಂದು ಮಾತು ಹೇಳಿ ಸಾರ್" ಎಂದರು. ಅವರು ಸ್ವಲ್ಪ ಯೋಚಿಸಿ, "ನಮ್ಮ ಕಡೆ ಹಿಂಗ ಮಾತಾಡ್ತಾರ" ಎಂದರು. ಟಿ.ವಿ.ಯಲ್ಲಿ ಬಂತು: 'ನಮ್ಮ ಕಡೆ ಹಿಂಗು ಮಾತಾಡುತ್ತಾರೆ.'

ಸಾರಿಗೆ ಹಾಕುವ ಹಿಂಗು! ಹಿಂದಿನಿಂದ ಒಬ್ಬ, "ಸಾರ್‌ಗೆ ಕೊಂಬು ಜಾಸ್ತಿ ಬಂದದೆ ಮೇಡಂ!" ಎಂದು ಕೂಗಿದ. ಅಧಿಕಾರಿಗಳು, "ಏನಂದಿ? ನನಗ ಕೊಂಬು ಬಂದಾವ?" ಎಂದು ಹುಬ್ಬೇರಿಸಿದರು. ನಾಗವೇಣಿ ಪುಸ್ತಕದಿಂದ ತಲೆಯೆತ್ತಿ, "ಅದು ನಂದೇ ಸಾರ್. ಇಲ್ಲು ಅಂದಾಗ ಬಿದ್ದೋಗಿತ್ತು. ನಿಮಗೆ ಸಿಕ್ಕದೆ" ಎಂದಳು.

ಅವರು ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಹೋಗುವಾಗ ಮೇಡಂಗೆ ಕೈಮುಗಿದು, "ನಾನೂ ಬೆಂಗಳೂರಿಗೆ ಬಂದ ಹೊಸದಾಗ ಒಂದು ವರ್ಷ ಬಾಯಿ ಬಿಟ್ಟಿದ್ದಿಲ್ರೀ. ನಡಸ್ರಿ" ಎಂದರು.

ನಾನು ನಿವೃತ್ತನಾದೆ, ಮುಂದಿನ ವರ್ಷ ಅವಳೂ. ಶಾಲೆಗೆ ಬಂದ ಹೊಸ ಹೆಡ್ ಮೇಷ್ಟ್ರು ಆಟವನ್ನು ಮುಂದುವರಿಸಿದ್ದಾರೆ, ಈಗ ಇನ್ನೂ ಒಳ್ಳೆಯ ಯಂತ್ರಗಳಿವೆ ಎಂದು ಕೇಳಿದ್ದೇನೆ. ಅವು ಕಡಿಮೆ ತಪ್ಪು ಮಾಡುತ್ತವಂತೆ. ಹಾಗಾದರೆ ಮಕ್ಕಳು ಏನು ಹುಡುಕುತ್ತಾರೆ ಎಂದು ರುಕ್ಮಿಣಿ ನಿಜವಾಗಿಯೂ ಚಿಂತೆ ಮಾಡಿದ್ದಳು. ಯಂತ್ರ ಯಾವುದೇ ಬರಲಿ, ಅದನ್ನು ತರಗತಿಗೆ ಒಯ್ಯುವ ಮೊದಲು ಕೇಳಬೇಕಾದುದು ಒಂದೇ, ಇದರಿಂದ ಯಾವ ಮಗು ಬಾಯಿ ಬಿಡುತ್ತದೆ ಎಂದು ಅವಳು ಹೇಳುತ್ತಿದ್ದಳು. ಕೋಲಾರದ ಭಾಷಣದಲ್ಲಿ ಈ ಮಾತು ಇರುತ್ತಿತ್ತು. ಉಳಿದದ್ದು ನನಗೆ ತಿಳಿಯದು.

ಅವಳು ಹೋದ ಮೇಲೆ ನಾಗವೇಣಿ ಮನೆಗೆ ಬಂದಳು. ಈಗ ಮುಳಬಾಗಿಲಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಾಳೆ. ಹಜಾರದಲ್ಲಿ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರೂ ಬೇಡವೆಂದಳು.

"ಆಸ್ಪತ್ರೇಲಿ ಮಾತಾಡ್ತಿದ್ರಾ ಸಾರ್ ಮೇಡಂ?"

ಮಾತು ಹೆಚ್ಚಾಗಿ ಬರುತ್ತಿರಲಿಲ್ಲ, ಬಾಯಿ ಒಂದು ಕಡೆ ತಿರುಗಿತ್ತು ಎಂದೆ. ನಡೆದುದನ್ನೂ ಅವಳಿಗೆ ಹೇಳಿದೆ. ಕೊನೆಯ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಇಲ್ಲೇ ಇಟ್ಟುಕೊಂಡರೂ ಸರಿ, ಮನೆಗೆ ಕರೆದುಕೊಂಡು ಹೋದರೂ ಸರಿ, ನೀವು ಹೇಳಿದಂತೆ ಎಂದಿದ್ದರು. ನಾನು ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ, "ರುಕ್ಮಿಣಿ, ಏನ್ ಮಾಡೋಣ? ಮನೆಗೆ ಹೋಗೋಣ್ವಾ?" ಎಂದು ಕೇಳಿದೆ. ಅವಳು ಕಣ್ಣು ಬಿಟ್ಟು ಒಂದೇ ಮಾತು ಹೇಳಿದಳು.

"ಏನಂದ್ರು ಸಾರ್?"

"ಇಲ್ಲ ಅಂದಳಮ್ಮ. ಅದಕ್ಕೆ ಅಲ್ಲೇ ಇದ್ವಿ."

ನಾಗವೇಣಿ, ಕೇಳಲೋ ಬೇಡವೋ ಎಂಬಂತೆ, ಮೆಲ್ಲಗೆ ಕೇಳಿದಳು.

"ಇಲ್ಲ ಅಂದ್ರಾ ಸಾರ್, ಇಲ್ಲು ಅಂದ್ರಾ?"

ರುಕ್ಮಿಣಿ ನನ್ನೊಡನೆ ಎಂದೂ ತೆಲುಗು ಆಡಿದವಳಲ್ಲ. ನಾನು ಕನ್ನಡದ ಕಿವಿಯಿಂದಲೇ ಕೇಳಿದೆ. ಆ ಕೋಣೆ, ಆ ಬೆಳಕು, ಅವಳು ನನ್ನ ಬೆರಳು ಹಿಡಿದುಕೊಂಡಿದ್ದ ಎಡಗೈ, ಎಲ್ಲ ನನಗೆ ನೆನಪಿದೆ. ತುಟಿ ಅಲ್ಲಾಡಿದ್ದು, ಇಕಾರ, ಲಕಾರದ ಒತ್ತು, ಅಲ್ಲಿಯವರೆಗೆ ಇಂದಿಗೂ ಕೇಳಿಸುತ್ತದೆ. ಕೊನೆಯಲ್ಲಿ ಕೊಂಬು ಇತ್ತೋ ಇಲ್ಲವೋ, ಅದು ನನಗೆ ಕೇಳಿಸಲಿಲ್ಲ.